ತೋಡದೆ ಉಳಿದ ಎರಡು ಗುಂಡಿ

ಜಿಲ್ಲಾ ಜೈಲು, ಬ್ಯಾರಕ್ 4
2 ಏಪ್ರಿಲ್ 2025

ಶಿವಾನಂದ ಸಾಹೇಬ್ರಿಗೆ ಸಂಗಣ್ಣನ ಶರಣು.

ನನ್ನ ಅಕ್ಷರ ನೋಡಿ ನಗಬ್ಯಾಡ್ರಿ. ಏಳನೇತ್ತಕ್ಕ ಸಾಲಿ ಬಿಟ್ಟ ಮ್ಯಾಲೆ ಇಷ್ಟುದ್ದ ಬರಿಯಾಕತ್ತಿದ್ದು ಇದಽ ಮೊದಲು. ಇಲ್ಲಿ ಪೋನು ಐತಿ, ಆದ್ರ ಮೊದಲಽ ಬರಿಸಿದ ನಂಬರಿಗೆ ಅಷ್ಟಽ ಹಚ್ಚಿ ಕೊಡ್ತಾರ. ನಾ ನನ್ನ ಹೇಣ್ತಿ ಹಂಪಮ್ಮಂದು ಬರಿಸೀನಿ. ನಿಮ್ಮದು ಬರಿಸಿದ್ರ ಪೊಲೀಸ್ರು ನಿಮ್ಮ ಮನಿಗೆ ಬಂದು ವಿಚಾರಿಸಿ ಹೋಗ್ತಾರಂತ. ಕುಷಾಯಿಗೂಡದಾಗ ನಿಮ್ಮ ಮನಿ ಮುಂದ ಪೊಲೀಸ್ ಗಾಡಿ ನಿಲ್ಲೂದು ಬ್ಯಾಡ ಅಂತ ಬಿಟ್ಟೆ.

ಕಾಗದ ಮೊದಲು ಇಲ್ಲಿ ಕ್ಲಾರ್ಕ್ ಓದತಾನ. ತೆಲುಗಿನಾಂವ. ನಮ್ಮ ಅಕ್ಷರ ಅವನ ಅಕ್ಷರದ ತಮ್ಮನಂಗ ಕಾಣ್ತಾವಲ್ರಿ, ಒಂದೊಂದಽ ಕೂಡಿಸಿ ಜೋರಾಗಿ ಓದತಾನ. ಅರ್ಥ ಮಾತ್ರ ಏನೂ ಆಗೂದಿಲ್ಲ. ಹಂಗಾಗಿ ಅಂಜಿಕಿಲ್ಲ.

ಕೇಸು ಹೆಂಗ ನಿಂತೈತಿ ಅಂತ ಸರಕಾರದವರು ನನಗ ಕೊಟ್ಟ ವಕೀಲರು ಬಿಡಿಸಿ ಹೇಳಿದ್ರು. ಲಿಂಗಂಪಲ್ಲಿ ಮನಿ ನೆನಪೈತಲ್ರಿ, ಹೋದ ವರ್ಷ ಶ್ರಾವಣದಾಗ ನಾವು ಸೋಲಾರ್ ಕುಂದ್ರಿಸಿದ್ದು. ಮ್ಯಾಲಿನ ಖೋಲಿಯೊಳಗ ಬಾಡಿಗಿಗೆ ಇದ್ದ ಹುಡುಗಿ ಭಕ್ತಿ. ಇಪ್ಪತ್ತೆರಡು ವರ್ಷ, ಬ್ಯಾಂಕಿನ ಪರೀಕ್ಷಾಕ್ಕ ಓದತಿದ್ದಳು. ಮಾರ್ಚ್ ಒಂಬತ್ತಕ್ಕ, ಸುಡು ಬಿಸಿಲೊಳಗ, ಹಸಿ ಬಟ್ಟಿ ಒಣಹಾಕಾಕ ಹೋಗ್ಯಾಳ. ಬಟ್ಟಿ ತಂತಿ ಪ್ಯಾನೆಲ್ಲಿನ ಸ್ಟ್ಯಾಂಡಿಗೆ ಕಟ್ಟಿದ್ರಂತ. ಮನಿ ಮಾಲಕರು ಮೇನ್ ಆಫ್ ಮಾಡಿ ಓಡಿ ಬಂದು ಮುಟ್ಟಿದ್ರ ಅವರನ್ನೂ ಒಗದೈತಿ. ಮೇನ್ ಆಫ್ ಆದ್ರ ಬಿಸಿಲು ಆಫ್ ಆಗ್ತೈತೇನ್ರಿ? ಪ್ಯಾನೆಲ್ ತನ್ನ ಕೆಲಸ ಮಾಡಾಕತ್ತಿತ್ತು. ಹುಡುಗಿ ಉಳಿಲಿಲ್ಲ.

ಪೊಲೀಸ್ರ ಕೈಯಾಗ ಕಂಪನಿ ಕಾಗದ ಐತಿ. ಅದರಾಗ ತಾಮ್ರ ಹೂಳಿದ ಅರ್ಥಿಂಗ್ ತಗ್ಗು ಮೂರು ಅಂತ ಬರದೈತಿ. ಪ್ಯಾನೆಲ್ಲಿಗೊಂದು, ಇನ್ವರ್ಟರಿಗೊಂದು, ಸಿಡಿಲಿಗೊಂದು. ಕೆಳಗ ನಿಮ್ಮ ಸಹಿ. ಅಂಗಳ ಅಗದು ನೋಡಿದ್ರ ಒಂದಽ ಸಿಕ್ಕೈತಿ. ಹಂಗಾದ್ರ ಉಳಿದ ಎರಡರ ತಾಮ್ರ ಎಲ್ಲಿ ಹೋತು? ಸಂಗಣ್ಣ ಕದ್ದ. ಅದಕ್ಕಽ ಹುಡುಗಿ ಸತ್ತಳು. ಇದು ಕೇಸು.

ಸಾಹೇಬ್ರ, ತೋಡದಽ ಇದ್ದ ತಗ್ಗಿನೊಳಗಿಂದ ತಾಮ್ರ ಕದಿಯೂ ವಿದ್ಯಾ ನನಗ ಬರತಿದ್ರ ನಾ ಯಾಕ ಬೆನ್ನ ಮ್ಯಾಲೆ ಪ್ಯಾನೆಲ್ ಹೊರತಿದ್ದೆ?

‘ಸೂಪರ್‌ವೈಸರ್ ಬಂದು ನೋಡಿದ್ರಾ’ ಅಂತ ಪೊಲೀಸ್ರು ನನ್ನ ಕೇಳಿದ್ರು. ಉಸುಕು ಹೊರುವವನ ಕೈಯಾಗ ಟೆಸ್ಟರ್ ಕೊಟ್ಟವರು ನೀವು. ನನ್ನ ಬಾಯಿಂದ ನಿಮ್ಮ ಹೆಸರು ಬರಬಾರದು ಅನ್ನಿಸ್ತು. ಎರಡು ತಗ್ಗು ಮೊದಲಿಂದಽ ಇರಲಿಲ್ಲ ಅಂತ ನೀವು ಒಂದು ಮಾತು ಹೇಳಿದ್ರ ನಾ ಮನಿಗೆ ಹೋಗ್ತೀನಿ. ನೀವು ದೊಡ್ಡವರು, ನಿಮ್ಮ ಮಾತು ನಂಬ್ತಾರ.

ನಿಮ್ಮ ಸಂಗಣ್ಣ


ಕುಷಾಯಿಗೂಡ
11 ಏಪ್ರಿಲ್ 2025

ಚಿ. ಸಂಗಣ್ಣನಿಗೆ ಆಶೀರ್ವಾದಗಳು.

ನಿನ್ನ ಕಾಗದ ತಲುಪಿತು. ಆರೋಗ್ಯ ಕಾಪಾಡಿಕೊ. ಅಲ್ಲಿ ನೀರು ಕಾಯಿಸಿ ಕೊಡುತ್ತಾರೋ ಇಲ್ಲವೋ, ಬೇಸಿಗೆಯಲ್ಲಿ ಹೊಟ್ಟೆಯ ವಿಷಯದಲ್ಲಿ ಎಚ್ಚರವಿರಬೇಕು.

ಕೇಸಿನ ವಿಷಯವನ್ನು ಕಾಗದದಲ್ಲಿ ಬರೆಯುವುದು ಒಳ್ಳೆಯದಲ್ಲ. ಕ್ಲಾರ್ಕಿಗೆ ಅರ್ಥವಾಗುವುದಿಲ್ಲ ಎಂದಿದ್ದೀಯ, ಅರ್ಥವಾಗುವವರು ಎಲ್ಲ ಕಡೆ ಇರುತ್ತಾರೆ. ಕೋರ್ಟು ಇದೆ, ವಕೀಲರಿದ್ದಾರೆ, ತಪ್ಪು ಮಾಡದವನಿಗೆ ನ್ಯಾಯ ಸಿಕ್ಕೇ ಸಿಗುತ್ತದೆ. ನೀನು ಧೈರ್ಯ ಬಿಡಬೇಡ.

ನಿನ್ನನ್ನು ನೋಡಲು ಬರಬೇಕೆಂದು ಮನಸ್ಸಿದೆ. ನಮ್ಮ ಮನೆಯಿಂದ ಜೈಲಿಗೆ ನಾಲ್ಕು ಕಿಲೋಮೀಟರೂ ಇಲ್ಲ. ಆದರೆ ನನ್ನ ಮೊಣಕಾಲಿನ ಸ್ಥಿತಿ ನಿನಗೆ ಗೊತ್ತಿದೆ. ಜೊತೆಗೆ ಬಸುರಿ ಮಗಳ ಕುಬುಸದ ಕಾರ್ಯ ಹತ್ತಿರ ಬಂದಿದೆ. ವೀರಭದ್ರಪ್ಪನವರು ನಿನಗೆ ಕಂಪನಿಯ ಮಾಲೀಕರು, ನನಗೆ ಬೀಗರು. ಹೆಣ್ಣು ಕೊಟ್ಟ ಮನೆಯಲ್ಲಿ ನಾನು ಎಷ್ಟು ಮಾತಾಡಬಹುದು, ಎಷ್ಟು ಮಾತಾಡಬಾರದು ಎಂಬುದನ್ನು ನೀನೇ ಯೋಚಿಸು. ನೀನೂ ಸಂಸಾರಸ್ಥ.

ಎರಡು ಟವೆಲ್, ಸಾಬೂನು, ಸೇಂಗಾ ಚಟ್ನಿಪುಡಿ ಕಳಿಸುತ್ತಿದ್ದೇನೆ. ಚಟ್ನಿಪುಡಿ ಒಳಗೆ ಬಿಡದಿದ್ದರೆ ಕ್ಲಾರ್ಕಿಗೆ ಕೊಡು, ಅವನ ಕನ್ನಡ ಸುಧಾರಿಸಬಹುದು.

ಇಂತಿ
ನಿನ್ನ ಹಿತೈಷಿ


ಜಿಲ್ಲಾ ಜೈಲು, ಬ್ಯಾರಕ್ 4
19 ಏಪ್ರಿಲ್ 2025

ಸಾಹೇಬ್ರಿಗೆ ಶರಣು.

ಕಾಗದದಾಗ ನೀವು ಹೆಸರು ಬರಿಲಿಲ್ಲ. ಅಕ್ಷರ ನೋಡಿ ಗುರ್ತು ಹಿಡದೆ. ಚಟ್ನಿ ಒಳಗ ಬಿಡಲಿಲ್ಲ, ಕ್ಲಾರ್ಕ್ ಅನ್ನಕ್ಕ ಕಲಿಸಿಕೊಂಡು ತಿಂದು ‘ಬಾಗುಂದಿ’, ಅಂದ್ರ ಚಲೋ ಐತಿ, ಅಂದ.

ನನ್ನ ಮಾತು ಬಿಡ್ರಿ. ಇವತ್ತು ಬ್ಯಾರೆ ಮಾತು ಬರಿಯಾಕತ್ತೀನಿ, ಸಮಾಧಾನಲೆ ಓದ್ರಿ.

ನೀವು ನನಗ ಕಲಿಸಿದ್ದು ನೆನಪ ಮಾಡ್ಕೋರಿ. ಅರ್ಥಿಂಗ್ ತಗ್ಗು ತೋಡಿ ಇದ್ದಿಲು, ಉಪ್ಪು ಹಾಕಿ ಮುಚ್ಚಿದ್ರ ಸಾಲದು, ಅದು ಹಸಿ ಇರಬೇಕು. ಒಣಗಿದ್ರ ನೆಲ ಕರೆಂಟ್ ಎಳಕೊಳ್ಳೂದಿಲ್ಲ. ಆದ್ರ ಸೋಲಾರ್ ಹಾಕಿಸಿದ ಮ್ಯಾಲೆ ತಗ್ಗಿಗೆ ನೀರು ಹಾಕ್ರೀ ಅಂದ್ರ ಯಾರು ಹಾಕ್ತಾರ? ಅದಕ್ಕ ನೀವಂದ್ರಿ, ‘ತುಳಸಿ ಕಟ್ಟಿ ಬಾಜೂಕ ತೋಡು. ಮನಿ ಹೆಣ್ಣಮಕ್ಕಳು ದಿನಾ ಮುಂಜಾನೆ ನೀರು ಹಾಕ್ತಾರ, ತಗ್ಗು ತಾನಽ ಹಸಿ ಇರ್ತೈತಿ’ ಅಂತ. ಭಾಳ ಶಾಣ್ಯಾತನದ ಮಾತು ಅಂತ ನಾ ಎಲ್ಲಾ ಕಡೆ ಹಂಗಽ ಮಾಡಿದೆ. ಸೇಠ್ರು ವೀರಭದ್ರಪ್ಪನವರು ಒಂದಽ ತಗ್ಗು ಸಾಕು ಅಂದ್ರು, ಆ ಒಂದು ಗಿಡದ ಬುಡಕ್ಕ ಹೋತು.

ಲಿಂಗಂಪಲ್ಲಿ ಮನಿ ಅಜ್ಜಿ ಮಾಘ ಮಾಸದಾಗ ತೀರಿಕೊಂಡ್ರಂತ. ಆಮ್ಯಾಲೆ ತುಳಸಿಗೆ ಯಾರೂ ನೀರು ಹಾಕಿಲ್ಲ. ಪೊಲೀಸ್ರು ಅಗಿಯೂ ಹೊತ್ನ್ಯಾಗ ನನ್ನ ಕರಕೊಂಡು ಹೋಗಿದ್ರು. ಒಳಗಿನ ಮಣ್ಣು ಒಲಿ ಬೂದಿ ಹಂಗ ಉದುರಾಕತ್ತಿತ್ತು.

ಅಂಥಾವು ಇನ್ನೂ ಹನ್ನೊಂದು ಮನಿ ಅದಾವ. ಎಲ್ಲಾ ನಾ ಮಾಡಿದ್ದಽ. ಹಿಂದಿನ ಹಾಳಿ ಮ್ಯಾಲೆ ಗುರ್ತು ಬರದೀನಿ. ಶಂಶಾಬಾದಿನ ಹಳದಿ ಗೇಟಿನ ಮನಿ ಮೊದಲು ಬರದೀನಿ, ಅದನ್ನಽ ಮೊದಲು ನೋಡ್ರಿ. ಬ್ಯಾಸಿಗಿ ಇನ್ನೂ ಎರಡು ತಿಂಗಳೈತಿ. ನೀವು ಸುಮ್ಮನ ಕುಂತ್ರ ಆ ಮನಿಯೊಳಗೂ ಅಳೂ ಸಪ್ಪಳ ಕೇಳಬೇಕಾಗ್ತೈತಿ. ಆಮ್ಯಾಲೆ ಸಂಗಣ್ಣ ಹೇಳಲಿಲ್ಲ ಅನಬ್ಯಾಡ್ರಿ.

ಸಂಗಣ್ಣ


ಕುಷಾಯಿಗೂಡ
27 ಏಪ್ರಿಲ್ 2025

ಸಂಗಣ್ಣ,

ನಿನ್ನ ಕಾಗದವನ್ನು ಮೂರು ಸಲ ಓದಿದೆ. ಮೊದಲ ಸಲ ನಂಬಲಿಲ್ಲ, ಎರಡನೇ ಸಲ ಪಟ್ಟಿಯ ಮನೆಗಳನ್ನು ಎಣಿಸಿದೆ, ಮೂರನೇ ಸಲ ಸಿಟ್ಟು ಬಂತು. ಆ ಸಿಟ್ಟಿನಲ್ಲೇ ಬರೆಯುತ್ತಿದ್ದೇನೆ.

ಶಂಶಾಬಾದಿನ ಹಳದಿ ಗೇಟಿನ ಮನೆ ಯಾರದೆಂದು ನಿನಗೆ ಗೊತ್ತಿಲ್ಲವೆ? ಪ್ಯಾನೆಲ್ ಕೂರಿಸಿದ ದಿನ ಅದೇ ಮನೆಯ ಪಡಸಾಲೆಯಲ್ಲಿ ಕೂತು ನನ್ನ ಮಗಳ ಕೈಯ ಜೋಳದ ರೊಟ್ಟಿ ತಿಂದವನು ನೀನು. ಈಗ ಆ ಮನೆಯಲ್ಲಿ ಅಳುವ ಸಪ್ಪಳ ಕೇಳಬೇಕಾಗುತ್ತದೆ ಎಂದು ನನಗೆ ಬರೆಯುತ್ತೀಯ! ನಾನು ಠಾಣೆಗೆ ಹೋಗಿ ನಿನ್ನ ಪರವಾಗಿ ಮಾತಾಡದಿದ್ದರೆ ನನ್ನ ಮಗಳ ಮನೆಯ ವಿಷಯ ಎತ್ತುತ್ತೇನೆ ಎಂಬುದೇ ತಾನೇ ಇದರ ಅರ್ಥ? ಹನ್ನೊಂದು ಮನೆಗಳ ಪಟ್ಟಿ ಮಾಡಿ ಕಳಿಸುವುದೆಂದರೆ ನನ್ನ ಹನ್ನೊಂದು ಸಹಿಗಳನ್ನು ಲೆಕ್ಕ ಹಾಕಿಟ್ಟಿದ್ದೀಯ ಎಂದು. ಹೆದರಿಸುವುದನ್ನು ನಾನು ನಿನಗೆ ಕಲಿಸಿರಲಿಲ್ಲ.

ಮಗಳು ಲಹರಿಗೆ ಈಗ ಏಳು ತಿಂಗಳು. ಮೊದಲೇ ಅವಳಿಗೆ ನೆಟ್ಟಗಿಲ್ಲ. ಮಾಳಿಗೆಗೆ ಹೋಗಿ ಬಟ್ಟೆ ತೆಗೆದುಕೊಂಡು ಬರುವಷ್ಟರಲ್ಲಿ ಅಂಗೈ ಜುಮ್ಮೆಂದು ಮರಗಟ್ಟುತ್ತದೆ ಎನ್ನುತ್ತಾಳೆ. ಬಸುರಿಯರಿಗೆ ಹೀಗಾಗುವುದು ಸಹಜ ಎಂದು ಡಾಕ್ಟರು ಮಾತ್ರೆ ಕೊಟ್ಟಿದ್ದಾರೆ. ಮೇ ಹನ್ನೊಂದಕ್ಕೆ ಕುಬುಸ. ಬೀಗರು ಅಂಗಳಕ್ಕೆಲ್ಲ ಹೊಸ ಟೈಲ್ಸ್ ಹಾಕಿಸಿದ್ದಾರೆ, ಪೂಜೆಯ ಬಿಲ್ವಪತ್ರಿ ಗಿಡವನ್ನು ಸಹ ಕಿತ್ತು ಕುಂಡಕ್ಕೆ ಹಾಕಿದ್ದಾರೆ, ಅಷ್ಟು ಸಂಭ್ರಮ. ಆ ಸಂಭ್ರಮದಲ್ಲಿ ನಿನ್ನ ಕಾಗದದ ನೆರಳು ಬೀಳುವುದು ನನಗೆ ಬೇಡ.

ಇನ್ನು ಬರೆಯಬೇಡ. ಬರೆದರೂ ನಾನು ಒಡೆಯುವುದಿಲ್ಲ.


ಜಿಲ್ಲಾ ಜೈಲು
3 ಮೇ 2025

ಸಾಹೇಬ್ರ,

ಬರಿಬ್ಯಾಡ ಅಂದ್ರಿ. ಬೈಯ್ರಿ, ಆದ್ರ ಓದಿ ಬೈಯ್ರಿ.

ಅಕ್ಕಾವ್ರ ಕೈ ಜುಮ್ ಅನ್ನೂದು ಬಸುರಿಗೆ ಅಲ್ಲ. ಮಾಳಿಗಿ ಮ್ಯಾಲೆ ಬಟ್ಟಿ ತಗಿಯೂವಾಗ ಅಷ್ಟಽ ಆಗ್ತೈತಿ ಅಂದ್ರ ಅದು ಕರೆಂಟ್. ಬಟ್ಟಿ ತಂತಿ ಎಲ್ಲಿ ಕಟ್ಟ್ಯಾರ ಕೇಳ್ರಿ. ಆ ಮನಿ ತಗ್ಗು ನಾ ಪತ್ರಿ ಗಿಡದ ಬುಡಕ್ಕಽ ತೋಡೀನಿ. ಗಿಡ ಕಿತ್ತಾರ, ಮ್ಯಾಲೆ ಟೈಲ್ಸ್ ಹಾಕ್ಯಾರ ಅಂತ ನೀವಽ ಬರದೀರಿ. ಹನಿ ನೀರು ಹೋಗೂದಿಲ್ಲ ಅಲ್ಲಿಗೆ. ಪ್ಯಾನೆಲ್ ಕೆಳಗಿನ ವೈರಿಗೆ ಪೈಪು ಹಾಕಿಲ್ಲ, ಸಾಮಾನು ಬಂದಿರಲಿಲ್ಲ. ಕಬ್ಬಿಣದ ಅಂಚಿಗೆ ತಿಕ್ಕಿ ತಿಕ್ಕಿ ವೈರು ಸುಲದಿರತೈತಿ. ಲಿಂಗಂಪಲ್ಲಿಯೊಳಗ ಹಂಗಽ ಆಗಿತ್ತು.

ಅಕ್ಕಾವ್ರಿಗೆ ಮಾಳಿಗಿ ಏರೂದು ಇವತ್ತಽ ಬಿಡಿಸ್ರಿ. ಇವತ್ತು ಒಣ ಕೈ, ಕಾಲಾಗ ಚಪ್ಪಲಿ, ಅದಕ್ಕ ಜುಮ್ ಅಂದು ಬಿಟ್ಟೈತಿ. ಹಸಿ ಕೈ, ಬರಿಗಾಲು ಆದ್ರ ಬಿಡೂದಿಲ್ಲ. ಮೇನ್ ಆಫ್ ಮಾಡಿ ಕೆಲಸ ಮುಗೀತು ಅನಬ್ಯಾಡ್ರಿ. ಮೊದಲು ಪ್ಯಾನೆಲ್ ಮ್ಯಾಲೆ ದಪ್ಪನ ಕಂಬಳಿ, ಕೌದಿ ಏನರ ಹೊದಿಸ್ರಿ, ಬಿಸಿಲು ಬೀಳಬಾರದು. ನಿಮಗ ನಾ ಹೇಳೂದಽ? ಆದ್ರೂ ಹೇಳೀನಿ.

ಹಂಪಮ್ಮ ನಿಮಗ ಮೂರು ಸಲ ಪೋನು ಹಚ್ಚ್ಯಾಳ. ನೀವು ಎತ್ತಲಿಲ್ಲಂತ. ಅಕಿ ಊರಿಗೆ, ದೇವದುರ್ಗಕ್ಕ ಹೋಗ್ಯಾಳ, ಇಲ್ಲಂದ್ರ ನಡಕೋತ ಬರತಿದ್ದಳು.

ಹೆದರಸಾಕ ಬರದದ್ದಲ್ರಿ ಅದು. ನಾ ರೊಟ್ಟಿ ತಿಂದೀನಿ ಅಂತಽ ಆ ಮನಿ ಮೊದಲು ಬರದೆ.


ಜಿಲ್ಲಾ ಜೈಲು
9 ಮೇ 2025

ಸಾಹೇಬ್ರ, ಕಾಗದ ಮುಟ್ಟಿತೋ ಇಲ್ಲೋ? ಬರೇ ಮುಟ್ಟೈತಿ ಅಂತ ಒಂದು ಸಾಲು ಬರೀರಿ. ಊಟ ಸೇರವಲ್ದು. ಕ್ಲಾರ್ಕ್ ನನ್ನ ನೋಡಿ, ಬರಿಯಾಕ ಅವನಽ ಹಾಳಿ ತಂದುಕೊಟ್ಟಾನ.


ಕುಷಾಯಿಗೂಡ
15 ಮೇ 2025

ಪ್ರಿಯ ಸಂಗಣ್ಣನಿಗೆ,

ಲಹರಿ ಚೆನ್ನಾಗಿದ್ದಾಳೆ. ಮೊದಲು ಇದನ್ನು ಓದಿ ಊಟ ಮಾಡು, ಆಮೇಲೆ ಮುಂದೆ ಓದು.

ನಿನ್ನ ಮೂರನೇ ತಾರೀಖಿನ ಕಾಗದ ಹತ್ತನೇ ತಾರೀಖಿಗೆ ಬಂತು. ಹೇಳಿದಂತೆ ನಾನು ಒಡೆಯಲಿಲ್ಲ. ಕ್ಯಾಲೆಂಡರಿನ ಹಿಂದೆ ಸಿಕ್ಕಿಸಿಟ್ಟೆ. ಮರುದಿನ ಮುಂಜಾನೆ ಕುಬುಸಕ್ಕೆ ಹೊರಡುವ ಗಡಿಬಿಡಿಯಲ್ಲಿ ಸಾವಿತ್ರಿ ಮುಹೂರ್ತ ನೋಡಲು ಕ್ಯಾಲೆಂಡರ್ ತೆಗೆದಳು, ಕಾಗದ ಕೆಳಗೆ ಬಿತ್ತು. ನಾನು ಧೋತರ ಉಡುತ್ತಿದ್ದೆ. ಅವಳು ಒಡೆದು ಓದಿದಳು, ಜೊತೆಗೆ ಸಿಕ್ಕಿಸಿಟ್ಟಿದ್ದ ನಿನ್ನ ಹಳೇ ಕಾಗದದ ಮನೆಗಳ ಪಟ್ಟಿಯನ್ನೂ ನೋಡಿದಳು. ಓದಿ ಮುಗಿಸಿ ಒಂದೇ ಪ್ರಶ್ನೆ ಕೇಳಿದಳು.

“ಏನ್ರಿ, ಆ ಹನ್ನೊಂದು ಮನಿಯೊಳಗ ನೀವು ಎಷ್ಟು ಮಾಳಿಗಿ ಏರೀರಿ?”

ಮೂವತ್ತೇಳು ವರ್ಷ ನನ್ನ ಜೊತೆ ಸಂಸಾರ ಮಾಡಿದವಳು. ಉತ್ತರಕ್ಕೆ ಕಾಯದೆ ಟ್ಯಾಕ್ಸಿ ಕರೆಸಿದಳು. ಆಮೇಲೆ ಅವಳು ನನ್ನ ಕಡೆ ನೋಡಲಿಲ್ಲ, ಟ್ಯಾಕ್ಸಿಯಲ್ಲಿ ಸಹ ಮುಂದಿನ ಸೀಟಿನಲ್ಲಿ ಕೂತಳು. ಲಹರಿಗೆ, ಅಳಿಯನಿಗೆ ಫೋನ್ ಮಾಡುತ್ತಲೇ ಇದ್ದೆವು. ಮಂಗಳಕಾರ್ಯದ ಮನೆ, ಯಾರೂ ಎತ್ತಲಿಲ್ಲ. ಶಂಶಾಬಾದಿನ ಹೈವೇ ಎಷ್ಟು ಉದ್ದವೆಂದು ಅವತ್ತು ನನಗೆ ಗೊತ್ತಾಯಿತು.

ಮನೆ ಮುಟ್ಟಿದಾಗ ಹತ್ತೂವರೆ. ಹೊಸ ಟೈಲ್ಸಿನ ಮೇಲೆ ಪೆಂಡಾಲು ಹಾಕಿದ್ದರು. “ಲಹರಿ ಎಲ್ಲಿ?” ಎಂದರೆ ಯಾರೋ ನಗುತ್ತಾ ಹೇಳಿದರು, “ತಲಿ ತೊಳಕೊಂಡ್ಲು, ಹಸರ ಸೀರಿ ಒಣಗೈತೇನು ನೋಡಾಕ ಮ್ಯಾಲೆ ಹೋಗ್ಯಾಳ್ರಿ.” ನನ್ನ ಮೊಣಕಾಲು ಹೇಗೆ ಮೆಟ್ಟಿಲು ಹತ್ತಿತೋ ನನಗೆ ತಿಳಿಯದು. ಮೇಲೆ ಹೋಗಿ ನೋಡುತ್ತೇನೆ, ತಲೆಗೂದಲಿಂದ ನೀರು ಇಳಿಯುತ್ತಿದೆ, ಬರಿಗಾಲು, ಮಗಳು ತಂತಿಯ ಕಡೆ ಕೈ ಚಾಚಿದ್ದಾಳೆ. ನಾನು ಕೂಗಿದ ಕೂಗಿಗೆ ಅವಳು ಬೆಚ್ಚಿ ಕೂತೇಬಿಟ್ಟಳು. ತಂತಿ ಎಲ್ಲಿ ಕಟ್ಟಿದ್ದರೆಂದು ನಿನಗೆ ಹೇಳಬೇಕಾಗಿಲ್ಲ.

ಅವಳನ್ನು ಕೆಳಗಿಳಿಸಿ, ಮನೆಯಿಂದ ತಂದಿದ್ದ ಮಲ್ಟಿಮೀಟರ್ ಹಿಡಿದೆ. ಒಂದು ಕಡ್ಡಿ ಸ್ಟ್ಯಾಂಡಿಗೆ, ಇನ್ನೊಂದು ಬೋರಿನ ಪೈಪಿಗೆ. ನೂರ ಎಂಬತ್ತು ವೋಲ್ಟ್. ನನ್ನ ಮಗಳು ಎರಡು ತಿಂಗಳಿಂದ ದಿನಾ ಆ ತಂತಿಯನ್ನು ಮುಟ್ಟುತ್ತಿದ್ದಳು. ನಾನು ಡಾಕ್ಟರ ಮಾತ್ರೆಯನ್ನು ನಂಬಿ ಕೂತಿದ್ದೆ.

ಹೊದಿಸಲು ಅಲ್ಲಿ ಕಂಬಳಿ ಇರಲಿಲ್ಲ. ಸಾವಿತ್ರಿ ನಾಲ್ಕು ತಿಂಗಳು ಕೂತು ಲಹರಿಯ ಬಾಣಂತನಕ್ಕೆ ಹಳೇ ಸೀರೆಗಳಿಂದ ಕೌದಿ ಹೊಲಿದಿದ್ದಳು. ಉಡಿ ತುಂಬುವ ಸಾಮಾನಿನ ಜೊತೆ ಅದನ್ನು ತಂದಿದ್ದೆವು. ಅವಳೇ ಮೇಲೆ ತಂದುಕೊಟ್ಟಳು. ರಬ್ಬರ್ ಗ್ಲೌಸ್ ಹಾಕಿಕೊಂಡು ಮೊದಲ ಪ್ಯಾನೆಲ್ಲಿಗೆ ಆ ಕೌದಿ ಹೊದಿಸಿದೆ. ಉಳಿದವಕ್ಕೆ ಪೆಂಡಾಲಿನ ಜಮಖಾನಗಳನ್ನು ತರಿಸಿದೆ. ಬಂದ ಹೆಣ್ಣುಮಕ್ಕಳು ಅಂಗಳದಲ್ಲಿ ಬರೀ ನೆಲದ ಮೇಲೆ ಕೂತು ಸೋಬಾನೆ ಹೇಳಿದರು, ಮೇಲೆ ನಾನು ಜಮಖಾನ ಹಾಸುತ್ತಿದ್ದೆ. ಮೀಟರಿನ ಅಂಕಿ ಇಳಿಯುತ್ತಾ ಬಂದು ಹತ್ತರೊಳಗೆ ನಿಂತ ಮೇಲೆ ನಾನೂ ಅಲ್ಲೇ ಕೂತೆ.

ಬೀಗರು ಮೇಲೆ ಬಂದು ನೋಡಿದರು. ಅವರ ಮುಖ ಸಹ ಬಿಳಿಚಿತ್ತು, ಅವರ ಮನೆಯ ಕೂಸೂ ಹೌದಲ್ಲ. ಆದರೂ ಐದು ನಿಮಿಷದಲ್ಲಿ ಸುಧಾರಿಸಿಕೊಂಡರು. “ಬೀಗರ, ದೇವರು ಕಾಯ್ದ. ಮನಿ ಮಾತು ಮನಿಯಾಗ ಇರಲಿ” ಎಂದರು. ಎರಡೇ ದಿನದಲ್ಲಿ ಟೈಲ್ಸ್ ಒಡೆಸಿ ಮೂರು ಗುಂಡಿ ತೋಡಿಸಿದರು, ವೈರು ಬದಲಾಯಿಸಿ ಪೈಪು ಹಾಕಿಸಿದರು. ನಾನೇ ನಿಂತು ಅಳೆದೆ.

ನನ್ನ ಮಗಳ ಜೀವ, ಹುಟ್ಟಬೇಕಾದ ಕೂಸಿನ ಜೀವ ನೀನು ಉಳಿಸಿದ್ದು. ನಿನ್ನ ಉಪಕಾರವನ್ನು ಏಳು ಜನ್ಮಕ್ಕೂ ಮರೆಯುವುದಿಲ್ಲ. ಹಿಂದಿನ ಕಾಗದದ ಮಾತುಗಳನ್ನು ಮನಸ್ಸಿನಲ್ಲಿ ಇಟ್ಟುಕೊಳ್ಳಬೇಡ.

ಶಿವಾನಂದ


ಜಿಲ್ಲಾ ಜೈಲು, ಬ್ಯಾರಕ್ 4
24 ಮೇ 2025

ಸಾಹೇಬ್ರಿಗೆ,

ಅಕ್ಕಾವ್ರು ಆರಾಮ ಅದಾರ ಅಂತ ಓದಿ ನಾ ಅತ್ತೆ. ಬ್ಯಾರಕಿನವರು ಮನಿಯಾಗ ಯಾರೋ ಹೋದ್ರು ಅಂತ ತಿಳಕೊಂಡು ಸಮಾಧಾನ ಮಾಡಿದ್ರು. ಆವತ್ತು ಎರಡು ತಾಟು ಅನ್ನ ಉಂಡೆ.

ಮರುದಿನ ನಿಮ್ಮ ಕಾಗದ ಇನ್ನೊಮ್ಮೆ ಓದಿದೆ. ಆವಾಗ ಸಿಟ್ಟು ಬಂತು. ಇಷ್ಟು ದಿನ ಬಂದಿರಲಿಲ್ಲ.

ಏಳು ಜನ್ಮ ಅಂತ ಬರದೀರಿ. ನನಗ ಈ ಜನ್ಮ ಸಾಕ್ರಿ. ನಿಮ್ಮ ಮಗಳ ಮನಿಗೆ ಎರಡು ದಿನದಾಗ ಮೂರು ತಗ್ಗು ಆದ್ವು. ಉಳಿದ ಹತ್ತು ಮನಿಗೆ? ಅಲ್ಲಿ ಇರೂದು ಹೆಣ್ಣಮಕ್ಕಳಲ್ಲೇನು? ಭಕ್ತಿ ಹೆಸರು ನಿಮ್ಮ ನಾಲ್ಕು ಹಾಳಿಯೊಳಗ ಒಂದು ಸಲ ಇಲ್ಲ. ನನ್ನ ಕೇಸಿನ ಹೆಸರೂ ಇಲ್ಲ. ವೈದ್ಯಗ ಫೀಸು ಕೊಟ್ಟು ಕಳಿಸಿದಂಗ ನನಗ ಉಪಕಾರ ಅಂತ ಕೊಟ್ಟು ಕಳಿಸೀರಿ.

ಇನ್ನೊಂದು ಮಾತು. ‘ಟೈಲ್ಸ್ ಒಡೆಸಿ ಮೂರು ಗುಂಡಿ ತೋಡಿಸಿದರು’ ಅಂತ ನಿಮ್ಮ ಕೈಯಿಂದ ಬರದು ಸಹಿ ಮಾಡೀರಿ. ಆ ಮನಿ ಕಾಗದದಾಗೂ ಮೂರು ತಗ್ಗು ಮೊದಲಽ ಇದ್ದಾವಲ್ರಿ. ವಕೀಲರ ಕೈಗೆ ನಿಮ್ಮ ಪತ್ರ ಕೊಟ್ಟಿದ್ರ ನನ್ನ ಕೆಲಸ ಆಗಿಬಿಡ್ತಿತ್ತು. ನಾ ಕೊಡಲಿಲ್ಲ, ಹರದು ಒಗದೆ. ಒಳ್ಳೇ ಮನಶ್ಯಾ ಅಂತ ಅಲ್ಲ, ಸಿಟ್ಟಿಲೆ ಹರದೆ. ಕೂಸಿನ ಸುದ್ದಿ ಬರದ ಕಾಗದ ಕೋರ್ಟಿನಾಗ ಓದಿಸಿ ಹೊರಗ ಬರೂದು ನನಗ ಬ್ಯಾಡ. ಬರೂದಿದ್ರ ನಿಮ್ಮ ಬಾಯಿಂದ ಬರ್ತೀನಿ. ಇಲ್ಲಂದ್ರ ಇಲ್ಲೇ ಇರ್ತೀನಿ.

ಸಂಗಣ್ಣ


ಕುಷಾಯಿಗೂಡ
4 ಜೂನ್ 2025

ಸಂಗಣ್ಣ,

ನಿನ್ನ ಕಾಗದ ಬಂದ ಮರುದಿನ ನಾನು ಲಿಂಗಂಪಲ್ಲಿಗೆ ಹೋದೆ. ಲೋಕಲ್ ರೈಲು ಇಳಿದು ವಿಳಾಸ ಕೇಳುತ್ತಾ ನಡೆದೆ. ನಾನು ಸಹಿ ಹಾಕಿದ ಮನೆಯನ್ನು ಮೊದಲ ಸಲ ನೋಡಿದೆ. ಭಕ್ತಿಯ ಅಣ್ಣ ಪವನ ಅವಳ ಖೋಲಿ ಖಾಲಿ ಮಾಡಲು ಬಂದಿದ್ದ. ಪುಸ್ತಕಗಳನ್ನು ಗೋಣಿಚೀಲದಲ್ಲಿ ತುಂಬುತ್ತಿದ್ದ. ನನ್ನನ್ನು ಮನೆ ಬಾಡಿಗೆ ಕೇಳಲು ಬಂದವನೆಂದು ತಿಳಿದು, “ಖೋಲಿ ಚಲೋ ಐತ್ರಿ, ಮಾಳಿಗಿ ಮ್ಯಾಲೆ ಮಾತ್ರ ಹೋಗಬ್ಯಾಡ್ರಿ” ಎಂದು ಹಿಂದಿಯಲ್ಲಿ ಹೇಳಿದ. ನನಗೆ ನಮ್ಮ ಮಾತಿನಲ್ಲೇ ಕೇಳಿಸಿತು. ತಂಗಿಯನ್ನು ಕಳೆದುಕೊಂಡವನು ನನ್ನ ಜೀವದ ಕಾಳಜಿ ಮಾಡಿದ. ನಾನು ಯಾರೆಂದು ಅವನಿಗೆ ಹೇಳಿದೆ. ಅವನು ಹೊಡೆಯಲಿಲ್ಲ, ಬೈಯಲಿಲ್ಲ. ಚೀಲದ ಬಾಯಿ ಕಟ್ಟುವುದನ್ನು ನಿಲ್ಲಿಸಿ ಸಹಿ ಹಾಕಿದ ನನ್ನ ಕೈ ನೋಡಿದ.

ಈಗ ನಿನಗೂ ಹೇಳಬೇಕು. ರವಿವಾರ ಮುಂಜಾನೆ ಬೀಗರ ಆಫೀಸಿನಿಂದ ಫೈಲುಗಳು ಬರುತ್ತಿದ್ದವು. ಚಹಾ ಕುಡಿಯುತ್ತಾ ಸಹಿ ಹಾಕುತ್ತಿದ್ದೆ. ಅರ್ಥಿಂಗಿನ ಓಮ್ ಅಳತೆ ಬರೆಯುವ ಜಾಗ ಖಾಲಿ ಇರುತ್ತಿತ್ತು. ಅದನ್ನು ನಾನೇ ತುಂಬುತ್ತಿದ್ದೆ. ಎಲ್ಲ ಕಡೆ ಒಂದೇ ಅಂಕಿ ಬರೆದರೆ ಸಂಶಯ ಬರುತ್ತದೆಂದು ಒಂದು ಮನೆಗೆ 2.1, ಇನ್ನೊಂದಕ್ಕೆ 2.4, ಮತ್ತೊಂದಕ್ಕೆ 1.9. ಕಾರ್ಖಾನೆಯ ಟೆಸ್ಟ್ ವಿಭಾಗದಲ್ಲಿ ಮೂವತ್ತನಾಲ್ಕು ವರ್ಷ ಒಂದು ಸುಳ್ಳು ಅಂಕಿ ಬರೆಯಲಿಲ್ಲವೆಂದು ಎಲ್ಲರ ಮುಂದೆ ಜಂಬ ಕೊಚ್ಚಿದವನು ನಾನು. ಸುಳ್ಳು ಅಂಕಿ ಖರೆ ಅಂಕಿಯಂತೆ ಕಾಣಬೇಕಾದರೆ ಹೇಗಿರಬೇಕೆಂದು ಆ ಮೂವತ್ತನಾಲ್ಕು ವರ್ಷವೇ ನನಗೆ ಕಲಿಸಿತ್ತು. ಮೊಣಕಾಲು ನೆಪ. ಬೀಗರ ಎದುರು ‘ಇಲ್ಲ’ ಎನ್ನಲು ನನಗೆ ಹೆದರಿಕೆ ಇತ್ತು, ಅಷ್ಟೇ.

ನಿನ್ನೆ ಠಾಣೆಗೆ ಹೋಗಿ ಹೇಳಿಕೆ ಕೊಟ್ಟೆ. ಹನ್ನೆರಡೂ ಮನೆಗಳ ಕಾಗದಗಳನ್ನು ಹೊಸದಾಗಿ ಬರೆದುಕೊಟ್ಟೆ. ಗುಂಡಿಗಳ ಸಂಖ್ಯೆ ಎಂಬಲ್ಲಿ ‘ನೋಡಿಲ್ಲ’. ಅಳತೆ ಎಂಬಲ್ಲಿ ‘ಅಳೆದಿಲ್ಲ’. ಸಂಗಣ್ಣ ಕದಿಯಲು ಅಲ್ಲಿ ಎರಡನೇ ಗುಂಡಿಯ ತಾಮ್ರ ಇರಲೇ ಇಲ್ಲ ಎಂದು ಪ್ರತಿ ಹಾಳೆಯ ಕೆಳಗೆ ಬರೆದೆ. ತುಳಸಿ ಕಟ್ಟೆಯ ಉಪಾಯ ನನ್ನದೆಂದೂ ಬರೆದೆ. ಉಳಿದ ಹತ್ತು ಮನೆಗಳ ಪ್ಯಾನೆಲ್ ಬಂದ್ ಮಾಡಿಸಲು ವಿದ್ಯುತ್ ಕಚೇರಿಗೆ ಪಟ್ಟಿ ಕೊಟ್ಟಿದ್ದೇನೆ. ಆದರೆ ಬಂದ್ ಮಾಡಿದರೂ ಪ್ಯಾನೆಲ್ ಮುಚ್ಚುವವರು ಬೇಕು, ಅದನ್ನು ನೀನು ಬಲ್ಲೆ.

ಇನ್‌ಸ್ಪೆಕ್ಟರು ನನ್ನನ್ನು ಮನೆಗೆ ಹೋಗೆಂದರು, ಊರು ಬಿಡಬೇಡವೆಂದರು. ಎರಡು ದಿನದಲ್ಲಿ ಕರೆಸುತ್ತಾರೆ. ಬೀಗರ ಮನೆಯ ಬಾಗಿಲು ನನಗೆ ಮುಚ್ಚಿತು. ಲಹರಿ ಫೋನಿನಲ್ಲಿ, “ಅಪ್ಪಾ, ನೀವು ಇದನ್ನ ಭಕ್ತಿ ಸಾಯೂಕಿಂತ ಮೊದಲ ಮಾಡಬೇಕಿತ್ತು” ಎಂದಳು. ಹೆರಿಗೆಗೆ ಬರುತ್ತಾಳೋ ಇಲ್ಲವೋ ಹೇಳಲಿಲ್ಲ.

ಇಂತಿ,
ಶಿವಾನಂದ
ವಿದ್ಯುತ್ ಸೂಪರ್‌ವೈಸರ್ (ಪರವಾನಗಿ ನಿನ್ನೆ ಠಾಣೆಯಲ್ಲಿ ಒಪ್ಪಿಸಿದೆ)


ಕುಷಾಯಿಗೂಡ, ನಿಮ್ಮ ಮನಿ
28 ಜೂನ್ 2025

ಬ್ಯಾರಕ್ 4ರ ಶಿವಾನಂದ ಸಾಹೇಬ್ರಿಗೆ ಸಂಗಣ್ಣನ ಶರಣು.

ವಿಳಾಸ ಬರಿಯೂವಾಗ ಕೈ ತಡೀತು. ನನ್ನದಽ ವಿಳಾಸ.

ನನಗ ಹದಿನಾರನೇ ತಾರೀಖಿಗೆ ಜಾಮೀನು ಆತು. ನೀವು ಒಳಗ ಬರೂ ಹೊತ್ತಿಗೆ ನಾ ಹೊರಗ ಹೋಗೀನಿ, ಮುಖ ನೋಡಾಕ ಆಗಲಿಲ್ಲ. ಕಿಟಕಿ ಬಾಜೂಕಿನ ಜಾಗಾ ನಿಮಗ ಕೊಡಾಕ ಹೇಳೀನಿ, ಮಧ್ಯಾಹ್ನ ಅಲ್ಲಿ ಅಷ್ಟು ಸೆಖಿ ಇಲ್ಲ. ಕ್ಲಾರ್ಕಿಗೆ ನಿಮ್ಮ ಗುರ್ತು ಹೇಳೀನಿ. ‘ಚಟ್ನಿ ಸಾರ್ ಅವರಾ?’ ಅಂದ.

ಸಾವಿತ್ರಿ ಅಮ್ಮಾವ್ರು ಆರಾಮ ಅದಾರ. ನನ್ನ, ಹಂಪಮ್ಮನ್ನ ಹಿಂದಿನ ಖೋಲಿಯೊಳಗ ಇರಿಸಿಕೊಂಡಾರ. ಮೊನ್ನೆ ಮಧ್ಯಾಹ್ನ ಗೇಟಿನ ಮುಂದ ಆಟೋ ನಿಂತಿತು. ನೋಡಿದ್ರ ಲಹರಿ ಅಕ್ಕಾವ್ರು. ಒಂದು ಕೈಯಾಗ ಬ್ಯಾಗು, ಬಗಲಾಗ ಆ ಕೌದಿ. ಹೆರಿಗಿಗೆ ಬಂದೀನಿ ಅಂದ್ರು. ಹಂಪಮ್ಮ ಓಡಿಹೋಗಿ ಬ್ಯಾಗು ಇಸಕೊಂಡಳು. ಕೌದಿ ಒಂದು ಕಡೆ ಬಿಸಿಲಿಗೆ ಬಣ್ಣ ಹೋಗೈತಿ. ಅಮ್ಮಾವ್ರು ಮುಟ್ಟಿ ನೋಡಿ ಒಳಗ ಹೋದ್ರು.

ವಿದ್ಯುತ್ ಕಚೇರಿಯವರು ಹತ್ತು ಮನಿಗೆ ನೋಟೀಸ್ ಹಚ್ಚಿ ಹೋದ್ರು. ಮುಚ್ಚೂದು, ಅಗಿಯೂದು ಯಾರೂ ಮಾಡವಲ್ರು. ನಾನಽ ಹೋಗಾಕತ್ತೀನಿ, ಲೈಸೆನ್ಸ್ ಇದ್ದ ಒಬ್ಬ ಹೊಸ ಇಂಜಿನಿಯರ್ ನನ್ನ ಸಂಗಾಟ ಬರ್ತಾರ. ಒಂದೆರಡು ಕಡೆ ಕಳ್ಳ ಅಂತ ಗೇಟು ತಗೀಲಿಲ್ಲ. ಹೊರಗಽ ನಿಂತು ‘ಬಟ್ಟಿ ತಂತಿ ಬಿಚ್ಚ್ರೀ’ ಅಂತ ಒದರಿದೆ. ಆಮ್ಯಾಲೆ ತಗದ್ರು. ಎಂಟು ಮನಿ ಆದ್ವು, ಎರಡು ಉಳದಾವ. ಎಲ್ಲಾ ಕಡೆ ಮೂರು ಮೂರು ತಗ್ಗು. ಮಳಿ ಸುರು ಆಗೈತಿ, ನೆಲ ಹಸಿ ಐತಿ, ಆದ್ರೂ ಈ ಸಲ ಗಿಡದ ಮ್ಯಾಲೆ ಭಾರ ಹಾಕಿಲ್ಲ. ನೀರು ಹಾಕಾಕ ಪೈಪು ಇಳಿಸಿ, ಮುಚ್ಚಳದ ಮ್ಯಾಲೆ ‘ನೀರು ಹಾಕ್ರಿ’ ಅಂತ ಬಣ್ಣಲೆ ಬರದೀನಿ.

ನಿಮ್ಮ ಟೆಸ್ಟರ್ ತಗೊಂಡು ಒಂದೊಂದಽ ಅಳದು ವಹಿಯೊಳಗ ಬರದೀನಿ. ಅಂಕಿ ನಿಮ್ಮವುಕಿಂತ ಚಂದ ಇಲ್ಲ. ಒಂದು 3.8, ಒಂದು 4.6, ಒಂದು ಕಡೆ 7 ಬಂತು. ಐದರೊಳಗ ಬರಬೇಕಲ್ರಿ, ಅಲ್ಲಿ ಮತ್ತ ಅಗಿಬೇಕು.

ನೀವು ನನ್ನ ಮುಲಾಖತ್ತಿಗೆ ಒಂದು ಸಲಾನೂ ಬರಲಿಲ್ಲ. ನಾ ಬುಧವಾರ ಬರ್ತೀನಿ. ವಹಿ ತರ್ತೀನಿ, ಕುಂತು ನೋಡ್ರಿ. ಪೆನ್ನು ಮಾತ್ರ ತರೂದಿಲ್ಲ. ಹೊರಗ ಬರ್ರಿ, ಮಾಳಿಗಿ ಏರಿ ನಿಮ್ಮ ಕಣ್ಣಿಲೆ ನೋಡ್ರಿ. ಸಹಿ ಆಮ್ಯಾಲೆ ಮಾಡೀರಂತ.

ಸಂಗಣ್ಣ